ಒಂಟಿ ಎಲ್ಲೈತಿ ನೋಡಲೇ!

ಸಿರುಗುಪ್ಪದ ಕಾಟಾದಾಗ ಕುಂತು ಭತ್ತದ ಲಾರಿ ತೂಗೋ ಹನುಮೇಶ ಜಿಲ್ಲಾ ಚೆಸ್ಸಿನ ಕಡೀ ಆಟಕ್ಕ ಬಂದಾನ ಅಂದ್ರ ಅದೇನು ಹೊಸ ಸುದ್ದಿ ಅಲ್ಲ ಬಿಡ್ರಿ. ಅಂವ ಪ್ರತಿ ವರ್ಷ ಬರ್ತಾನ, ಪ್ರತಿ ವರ್ಷ ಕುರುಗೋಡಿನ ವಿರೂಪಾಕ್ಷಿ ಕೈಯಾಗ ಸೋಲ್ತಾನ, ಎರಡನೇ ಬಹುಮಾನದ ಗ್ವಾಡಿ ಗಡಿಯಾರ ಬಗಲಾಗ ಇಟ್ಕೊಂಡು ಸಿರುಗುಪ್ಪ ಬಸ್ಸು ಹತ್ತತಾನ. ಮನಿಯಾಗ ಈಗ ಗ್ವಾಡಿಗೊಂದು ಗಡಿಯಾರ, ಗಡಿಯಾರಕ್ಕೊಂದು ಟೈಮು. ಅವ್ವ ಜಂಬಮ್ಮ ಮಾತ್ರ ಹೊರಗ ಹೋಗಿ ಸೂರ್ಯನ್ನ ನೋಡಿ ಬಂದು ಒಲಿ ಹಚ್ಚತಾಳ.

ಈ ಸಲದ ಹೊಸ ಸುದ್ದಿ ಅಂದ್ರ ಅಂವ ಆ ಜಂಬಮ್ಮನ್ನೂ ಜತಿಗೆ ಕರಕೊಂಡು ಬಂದಿದ್ದ. ಜಂಬಮ್ಮ ಅಂದ್ರ ಯಾರು ಅಂತೀರಿ? ದೇಶನೂರಿನಾಗ ನಾಟಿ ಹಚ್ಚೋ ಹೆಣ್ಣಾಳಿನ ಗುಂಪಿಗೆ ಮೇಸ್ತ್ರಿ ಆಕಿ. ಯಾವ ಗದ್ದಿಗೆ ಎಷ್ಟು ಆಳು ಬೇಕು, ಯಾರು ಸೊಂಟ ನೋವಿನ ನೆವ ಹೇಳಿ ಬದುವಿನ ಮ್ಯಾಲೆ ಕುಂದರ್ತಾರ, ಯಾವ ಗೌಡ ಚಾ ಕೊಡದ ದುಡಿಸ್ಕೊಂತಾನ, ಎಲ್ಲಾ ಆಕಿ ನಾಲಿಗಿ ತುದಿಯಾಗ ಐತಿ. ಆಕಿ ದೇಶನೂರಾಗ ನಿಂತು ಕೂಗಿದ್ರ ಅತ್ತ ರಾರಾವಿ ಗದ್ದಿಯಾಗಿನ ಹೆಣ್ಣಾಳು ಬೆಚ್ಚಿ ಕೆಲಸಕ್ಕ ಹತ್ತತಾರ ಅಂತ ಊರಾಗ ಚ್ಯಾಷ್ಟಿ ಮಾಡ್ತಾರ. ಅಂಥಾಕಿಗೆ ಮಗನ ಚೆಸ್ಸು ಕಂಡ್ರ ಆಗತಿರಲಿಲ್ಲ. ಮದುವಿ ಮನಿಯಾಗ ಯಾರರ "ನಿಮ್ಮ ಹನುಮೇಶ ಏನು ಮಾಡ್ತಾನ ಜಂಬಕ್ಕಾ?" ಅಂದ್ರ, "ಕಾಟಾದಾಗ ಅದಾನ, ಲಾರಿ ಬರದಿದ್ದಾಗ ಗೊಂಬಿ ಆಡ್ತಾನ" ಅಂತಿದ್ಲು. ನಾಲ್ಕು ಮಂದಿ ಹೋ ಅಂತ ನಗತಿದ್ರು. ಹನುಮೇಶನೂ ಹಲ್ಲು ಕಿರೀತಿದ್ದ. ಮನಿಗೆ ಬಂದು ಮಾತ್ರ ನಡುರಾತ್ರಿತನ ಬೋರ್ಡು ಮುಂದ ಕುಂದರತಿದ್ದ.

ಒಮ್ಮೆ, ಒಂದ ಒಂದು ಸಲ, ಅವ್ವನ ಕಣ್ಣೆದುರಿಗೆ ಆ ವಿರೂಪಾಕ್ಷಿನ ಮಣ್ಣು ಮುಕ್ಕಿಸಿ ದೊಡ್ಡ ಕಪ್ಪು ಎತ್ತಬೇಕು, ತಾನು ಆಡೋದು ಗೊಂಬಿ ಆಟ ಅಲ್ಲ ಅಂತ ಆಕಿಗೆ ಗೊತ್ತಾಗಬೇಕು. ಅಂವಗ ಬೇಕಾಗಿದ್ದು ಅಷ್ಟ. ಅದಕ್ಕ ಬಳ್ಳಾರ್ಯಾಗ ಸೀರಿ ಕೊಡಸ್ತೀನಿ ಅಂತ ಆಸಿ ಹಚ್ಚಿ ಆಕಿನ್ನ ಗಾಂಧಿನಗರದ ಕಲ್ಯಾಣ ಮಂಟಪಕ್ಕ ಎಳಕೊಂಡು ಬಂದಿದ್ದ.

ಈಗ ವಿರೂಪಾಕ್ಷಿ ಮಾತು. ಕುರುಗೋಡಿನಾಗ ಒಂದು ಚಪ್ಪಲಿ ಅಂಗಡಿ ಮಾಳಿಗಿ ಮ್ಯಾಲೆ "ಇಂಟರ್‌ನ್ಯಾಷನಲ್ ಚೆಸ್ ಅಕಾಡೆಮಿ" ಅಂತ ಬೋರ್ಡ್ ಹಾಕ್ಕೊಂಡು ಕುಂತಾವ ಇಂವ. ಬಳ್ಳಾರಿ ಬಿಸಿಲಾಗ ಕೋಟು ಹಾಕ್ಕೊಂಡು ತಿರುಗೋ ಗಂಡಸು ಇಡೀ ಜಿಲ್ಲೆಯಾಗ ಇಂವ ಒಬ್ಬನ ಇರಬೇಕು. ಆಡೋದರಾಗ ಶ್ಯಾಣ್ಯಾ, ಸುಳ್ಳು ಹೇಳಬಾರದು. ಆದ್ರ ಅದಕ್ಕಿಂತ ಹೆಚ್ಚು ಶ್ಯಾಣ್ಯಾ ಇದ್ದದ್ದು ದೇಶ ವಿದೇಶದ ಚೆಸ್ಸಿನ ಜಗಳ ಹೆಕ್ಕಿ ತಂದು ಜಿಲ್ಲಾ ಸಂಘದ ವಾಟ್ಸಾಪ್ ಗ್ರೂಪಿಗೆ ಸುರಿಯೋದರಾಗ. ಪರದೇಶದಾಗ ಒಬ್ಬ ಭಾರೀ ಆಟಗಾರ ಜೀನ್ಸ್ ಪ್ಯಾಂಟ್ ಹಾಕ್ಕೊಂಡು ಬಂದಿದ್ದಕ್ಕ ದಂಡ ಹಾಕಿದ್ರು, ಅಂವ ನಿಮ್ಮ ಆಟ ನೀವ ಇಟ್ಕೋರಿ ಅಂತ ಎದ್ದು ಹೋದ, ಆಮ್ಯಾಲೆ ಅದ ಜೀನ್ಸಿನಾಗ ತಿರುಗಿ ಬಂದು ಇನ್ನೊಬ್ಬನ ಜತಿ ಕಿರೀಟ ಹಂಚಿಕೊಂಡ. ಮತ್ತೊಬ್ಬ ಎಳೇ ಹುಡುಗನ ಮ್ಯಾಲಂತೂ, ಅಂವ ಕುಂದರೋ ಜಾಗದಾಗ ಗುಂಯ್‌ಗುಡೋ ಯಂತ್ರ ಇಟ್ಕೊಂಡಾನ, ಅದು ಗುಂಯ್ ಅಂದಂಗ ಅಂದಂಗ ಕಾಯಿ ಸರಸ್ತಾನ ಅಂತ ಯಾರೋ ಕುಚೇಷ್ಟಿಗೆ ಬರದಿದ್ದು ಲೋಕ ಎಲ್ಲಾ ಸುತ್ತಿತು. ಸಾಬೀತಂತೂ ಆಗಲಿಲ್ಲ. ಆದ್ರ ಆ ಸುದ್ದಿ ಓದಿದ ದಿನದಿಂದ ವಿರೂಪಾಕ್ಷಿ ಯಾರ ಎದುರಿಗೆ ಆಡಿದ್ರೂ ಮೊದಲು ಅವರ ಕುರ್ಚಿ ಕೆಳಗ ಬಗ್ಗಿ ನೋಡತಿದ್ದ.

"ನಮ್ಮಲ್ಲೂ ಕಾನೂನು ಬಿಗಿ ಆಗಬೇಕು. ಜೀನ್ಸ್ ಬಂದ್, ಕಬ್ಬಿಣ ಬಂಗಾರ ಎಲ್ಲಾ ಬಂದ್" ಅಂತ ಸಂಘದ ಮೀಟಿಂಗಿನ್ಯಾಗ ಟೇಬಲ್ ಗುದ್ದಿದ.

ಸಂಘದ ಅಧ್ಯಕ್ಷರು ಕಾಡಸಿದ್ದಪ್ಪನವರು. ಜೀನ್ಸಿಗೆ ಹೆಸರಾದ ಬಳ್ಳಾರ್ಯಾಗ ಅವರದೂ ಒಂದು ಜೀನ್ಸ್ ಹೊಲಿಯೋ ಯೂನಿಟ್ಟು ಐತಿ. ಚಾ ಬಸಿ ಕೆಳಗಿಟ್ಟು, "ಬಳ್ಳಾರ್ಯಾಗ ಕುಂತು ಜೀನ್ಸ್ ಬಂದ್ ಮಾಡು ಅಂತೀಯಲ್ಲೋ ಮಾರಾಯ, ನಾಳೆಯಿಂದ ನಾನೇನು ಲಂಗೋಟಿ ಹೊಲೀಲೇನು?" ಅಂದ್ರು. ಹಿಂಗಾಗಿ ಜೀನ್ಸ್ ಉಳಕೊಂತು. ಕಬ್ಬಿಣ ಬಂಗಾರದ ಕಾನೂನು ಪಾಸಾತು.

ಅದನ್ನ ಜಾರಿ ಮಾಡಾಕ ನಿಂತಾಕಿ ತೀರ್ಪುಗಾರ್ತಿ ಸಂಘಮಿತ್ರಾ. ಗಾಂಧಿನಗರದ ಹುಡುಗಿ, ಬ್ಯಾಂಕಿನಾಗ ಆಫೀಸರು, ತೀರ್ಪುಗಾರರ ಪರೀಕ್ಷೆ ಪಾಸ್ ಮಾಡಿದಾಕಿ. ಯಾರ ಮುಲಾಜಿಗೂ ಬಗ್ಗೋ ಪೈಕಿ ಅಲ್ಲ. ಕಡೀ ಆಟಕ್ಕ ಮುಂಚೆ ಬಾಗಿಲದಾಗ ನಿಂತು, ಕಬ್ಬಿಣ ಬಂಗಾರ ಹುಡುಕೋ ಬಾಡಿಗಿ ಯಂತ್ರ ಹಿಡಕೊಂಡು ಹನುಮೇಶನ ಮೈ ಸವರಿದ್ಲು. ಅದು ಸೊಂಟದ ಹತ್ತರ ಬಂದು ಕುಂಯ್ಯ್ ಅಂತು.

"ಏನಿದೆ ಅಲ್ಲಿ?"

"ಉಡದಾರ ಮೇಡಂ. ಬೆಳ್ಳೀದು."

"ತೆಗೆದಿಡಿ."

ಹನುಮೇಶ ಬಾಯಿ ತೆಗಿಯೋದ್ರಾಗ ಹಿಂದಿಂದ ಜಂಬಮ್ಮ ಎದ್ದು ನಿಂತ್ಲು. "ಏ ತಂಗೆವ್ವಾ! ನನ್ನ ಮಗ ಇನ್ನಾ ಉಸಿರಾಡಾಕತ್ಯಾನ! ಗಂಡಸಿನ ಉಡದಾರ ಹರಿಯೋದು ಹೆಣ ಆದ ಮ್ಯಾಲೆ. ಗೊಂಬಿ ಆಡಾಕ ಬಂದವರದು ಯಾರಾದ್ರೂ ಹರೀತಾರೇನು?"

ಸಂಘಮಿತ್ರಾ ಇದ ಮಣ್ಣಿನಾಗ ಹುಟ್ಟಿದಾಕಿ. ಗಲ್ಲ ಕೆಂಪಗಾತು. "ತಪ್ಪಾಯ್ತಮ್ಮ, ಉಡದಾರ ಇರಲಿ" ಅಂದ್ಲು. ವಿರೂಪಾಕ್ಷಿಗೆ ತಡಕೊಳ್ಳಾಕ ಆಗಲಿಲ್ಲ. "ಮೇಡಂ, ಹಂಗ ಬಿಡಬ್ಯಾಡ್ರಿ! ಪರದೇಶದಾಗ ಎಲ್ಲೆಲ್ಲಿ ಇಟ್ಕೊಂಡಿದ್ರಂತ ಗೊತ್ತೈತಿಲ್ಲೋ ನಿಮಗ?"

"ಗೊತ್ತು. ಅಷ್ಟು ದೂರ ನೋಡೋದು ನನ್ನ ಕೆಲಸ ಅಲ್ಲ. ನಿಮಗೆ ಅನುಮಾನ ಇದ್ರೆ ಒಳಗೆ ರೂಮಿದೆ, ಕರ್ಕೊಂಡು ಹೋಗಿ ನೀವೇ ನೋಡಿ."

ಮಂಟಪಕ್ಕ ಮಂಟಪ ಬಿದ್ದು ಬಿದ್ದು ನಕ್ಕಿತು. ವಿರೂಪಾಕ್ಷಿ ಕೋಟಿನ ಗುಂಡಿ ಬಿಗಿ ಮಾಡಿಕೊಂಡು ತನ್ನ ಕುರ್ಚಿಗೆ ಹೋದ.

ಉಡದಾರ ಏನೋ ಉಳೀತು, ಕಿವಿಯಾಗಿನ ಒಂಟಿ ಉಳೀಲಿಲ್ಲ. ಒಂಟಿ ಅಂದ್ರ ಗಂಡಸರು ಕಿವಿಗೆ ಹಾಕ್ಕೊಳ್ಳೋ ಬಂಗಾರದ ಒಡವಿ. ಹನುಮೇಶನದು ಅವರಪ್ಪಂದು. ಅಪ್ಪ ತೀರಿಕೊಂಡಾಗ ಜಂಬಮ್ಮ ತಾನ ಕೈಯಾರೆ ಮಗನ ಕಿವಿಗೆ ಹಾಕಿದ್ದು. ಅದನ್ನ ಬಿಚ್ಚಿ ಅವ್ವನ ಕೈಯಾಗಿಟ್ಟು, "ಜ್ವಾಕಿ ಯವ್ವಾ" ಅಂದ. ಆಕಿ ಗೊಣಗಿಕೊಂತ ಸೆರಗಿನ ತುದಿಗೆ ಗಂಟು ಹಾಕ್ಕೊಂಡು, ನೋಡೋ ಮಂದಿಗಂತ ಕಟ್ಟಿದ ಹಗ್ಗದ ಆಚೆ ಕುರ್ಚಿ ಹಿಡದು ಕುಂತ್ಲು. ಒಗ್ಗರಣಿ ಮಿರ್ಚಿ ಹೊಟ್ಟಿ ತುಂಬ ತಿಂದಿದ್ಲು, ಮ್ಯಾಲೆ ಫ್ಯಾನಿನ ಗಾಳಿ. ಆಟ ಸುರು ಆಗೋದ್ರಾಗ ಕಣ್ಣು ಮುಚ್ಚಿದ್ವು.

ಆಟ ಭರ್ಜರಿ ನಡೀತು. ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಹನುಮೇಶ ಚೆಸ್ ಕಲಿತದ್ದು ಯಾವ ಅಕಾಡೆಮಿಯಾಗೂ ಅಲ್ಲ. ಸುಗ್ಗಿ ದಿನದಾಗ ಕಾಟಾ ಮುಂದ ಲಾರಿ ಸಾಲು ಹಚ್ಚಿ ನಿಂತಾಗ ಡ್ರೈವರುಗಳ ಜತಿ ಕಲಿತದ್ದು. ಅಲ್ಲಿ ಬಿಷಪ್ಪು ಗಿಷಪ್ಪು ಅಂದ್ರ ಯಾರಿಗೂ ಅರ್ಥ ಆಗಂಗಿಲ್ಲ. ಆನಿ, ಕುದುರಿ, ಒಂಟಿ, ಮಂತ್ರಿ, ರಾಜ, ಕಾಲಾಳು, ಅಷ್ಟ. ಪುಸ್ತಕದಾಗ ಒಂಟೆ ಅಂತ ಬರೀತಾರ, ಖರೇ. ಆದ್ರ ಮನೆಗೆ ಮನಿ, ಶಾಲೆಗೆ ಸಾಲಿ ಅನ್ನೋ ನಮ್ಮ ಬಾಯಾಗ ಒಂಟೆನೂ ಒಂಟಿನ ಆಗತದ. ಓರೆ ಓರೆ ಓಡೋ ಆ ಪ್ರಾಣಿನೂ ಒಂಟಿ, ಕಿವಿಯಾಗ ತೂಗೋ ಒಡವಿನೂ ಒಂಟಿ. ಇಷ್ಟು ದಿನ ಇದರಿಂದ ಯಾರಿಗೂ ಏನೂ ತೊಂದ್ರಿ ಆಗಿರಲಿಲ್ಲ.

ವಿರೂಪಾಕ್ಷಿ ಒಂದು ಆನಿನ್ನ ಪುಕ್ಕಟೆ ಬಿಟ್ಟಿದ್ದ. ಹನುಮೇಶನ ಕುದುರಿ ಹಾರಿದ್ರ ಆನಿ ಸಿಗತಿತ್ತು. ಹನುಮೇಶ ನೋಡಿದ, ಮತ್ತೊಮ್ಮೆ ನೋಡಿದ, ಜೊಲ್ಲು ನುಂಗಿದ. ಅದು ಬಲಿ ಅನ್ನೋದು ಅಂವಗ ಹೊಳೀಲೇ ಇಲ್ಲ. ಆನಿ ಹೊಡೆದಿದ್ರ ನಾಲ್ಕು ನಡಿಯಾಗ ಅಂವನ ರಾಜನ ಕಥಿ ಮುಗೀತಿತ್ತು, ಗ್ವಾಡಿಗೆ ಇನ್ನೊಂದು ಗಡಿಯಾರ ಬರ್ತಿತ್ತು. ಕೈ ಎತ್ತಿದ. ಕುದುರಿ ಮ್ಯಾಲೆ ಬಂತು. ಇನ್ನೇನು ಮುಟ್ಟಬೇಕು.

ಆವಾಗ ಜಂಬಮ್ಮಗ ಎಚ್ಚರ ಆತು. ಕಣ್ಣು ತಿಕ್ಕಿಕೊಂಡು ಸೆರಗಿನ ಗಂಟು ಮುಟ್ಟಿದ್ಲು. ಗಂಟಿಲ್ಲ! ಕುರ್ಚಿ ಕೆಡವಿ ಎದ್ದು, ನಾಟಿ ಗದ್ದಿಯಾಗ ಕೂಗೋ ದನಿಯಾಗ ಚೀರಿದ್ಲು:

"ಲೇ ಹನುಮ್ಯಾ! ಒಂಟಿ! ಒಂಟಿ ಎಲ್ಲೈತಿ ನೋಡಲೇ! ಅಯ್ಯೋ ದೇವುಡಾ, ಒಂಟಿ ನೋಡಲೇ ಮೊದಲು!"

ಹನುಮೇಶನ ಕೈ ಕುದುರಿ ಮ್ಯಾಲೆ ಗಾಳಿಯಾಗ ನಿಂತುಬಿಟ್ಟಿತು. ಬ್ಯಾರೆ ಯಾರಾದ್ರೂ ಆಗಿದ್ರ ಕಿವಿ ಮುಟ್ಟಿ ನೋಡಿಕೊಂತಿದ್ರು. ಅಂವ ಬೋರ್ಡು ನೋಡಿದ. ಮೂಲ್ಯಾಗ ಅಂವನ ಒಂಟಿ ಸತ್ತಂಗ ಬಿದ್ದಿತ್ತು, ಅಂವ ಅದನ್ನ ಮರೆತು ಅರ್ಧ ತಾಸಾಗಿತ್ತು. ಅದು ಓರೆಗೆ ಎರಡು ಮನಿ ಸರಿದ್ರ ಸಾಕು, ವಿರೂಪಾಕ್ಷಿ ಮಂತ್ರಿ ಎದುರಿಗೆ ನಿಂದ್ರತದ. ಮಂತ್ರಿ ಬೆನ್ನಿಗೆ ರಾಜ. ಮಂತ್ರಿ ಪಕ್ಕಕ್ಕ ಸರಿಯಂಗಿಲ್ಲ, ಸರಿದ್ರ ರಾಜಗ ಶಹ. ಒಂಟಿನ್ನ ತಿಂದ್ರ ಹನುಮೇಶನ ಕಾಲಾಳು ಆ ಮಂತ್ರಿನ್ನ ನುಂಗತದ. ಯಪ್ಪಾ! ಹನುಮೇಶನ ಮೈಯೆಲ್ಲಾ ಜುಮ್ ಅಂತು. ಕುದುರಿ ಬಿಟ್ಟ, ಒಂಟಿ ಹಿಡದು ಎರಡು ಮನಿ ತಳ್ಳಿದ.

ವಿರೂಪಾಕ್ಷಿ ಬೋರ್ಡು ನೋಡಿದ, ಹನುಮೇಶನ್ನ ನೋಡಿದ, ಜಂಬಮ್ಮನ್ನ ನೋಡಿದ. ಬಳ್ಳಾರ್ಯಾಗ ಮಂತ್ರಿ ಕೈಬಿಟ್ಟ ಮ್ಯಾಲೆ ಯಾವನು ಉಳದಾನ ಹೇಳ್ರಿ? ಆಟದ ಗಡಿಯಾರ ನಿಲ್ಲಿಸಿ ಎದ್ದು ನಿಂತ. "ಮೋಸ! ಹೊರಗಿನಿಂದ ಹೇಳಿ ಕೊಟ್ಟಾರ! ಪರದೇಶದಾಗ ಯಂತ್ರ ಗುಂಯ್ ಅಂತದ, ಇವರು ಅವ್ವನ್ನ ಕರಕೊಂಡು ಬಂದಾರ!"

ಗದ್ದಲ ಎದ್ದಿತು. ಕಾಡಸಿದ್ದಪ್ಪನವರು ಓಡಿ ಬಂದ್ರು. ಅಷ್ಟ್ರಾಗ ಜಂಬಮ್ಮಗ ಒಡವಿ ಸಿಕ್ಕಿತ್ತು. ನಿದ್ದಿ ಬರೋ ಮುಂಚೆ ಗಂಟು ಸಡ್ಲಾತಂತ ತಾನ ಎಲಿ ಅಡಿಕಿ ಚೀಲದಾಗ ಹಾಕಿ ಮರೆತುಬಿಟ್ಟಿದ್ಲು. ಹನುಮೇಶ ಅದನ್ನ ಎಲ್ಲಾರಿಗೂ ತೋರಿಸಿದ. "ನೋಡ್ರಿ, ಇದ ಒಂಟಿ. ನಮ್ಮವ್ವ ಕೇಳಿದ್ದು ಇದನ್ನ, ದೇವರಾಣೆಗೂ!"

"ಅದೆಲ್ಲಾ ನೆವ," ಅಂದ ವಿರೂಪಾಕ್ಷಿ. "ಇಷ್ಟು ವರ್ಷ ಮನಿಯಾಗ ಮಗ ಆಡೋದು ನೋಡಿದಾಕಿಗೆ ಆಟ ಬರಂಗಿಲ್ಲ ಅಂದ್ರ ಯಾರು ನಂಬ್ತಾರ್ರಿ?"

ಸಂಘಮಿತ್ರಾ ಒಂದು ಗಳಿಗಿ ಯೋಚನೆ ಮಾಡಿ, ಜಂಬಮ್ಮನ್ನ ಟೇಬಲ್ಲಿಗೆ ಕರೆದ್ಲು. "ಅಮ್ಮ, ಬೇಜಾರು ಮಾಡ್ಕೋಬೇಡಿ. ಈ ಕಾಯಿಗಳ ಹೆಸರು ಹೇಳ್ತೀರಾ? ಗೊತ್ತಿಲ್ಲ ಅಂದ್ರೂ ಪರವಾಗಿಲ್ಲ."

ಜಂಬಮ್ಮ ಸೊಂಟಕ್ಕ ಸೆರಗು ಸಿಗಿಸಿ ಮುಂದ ಬಂದ್ಲು. ಆನಿ ಎತ್ತಿ ತೋರಿಸಿದ್ರ, "ಇದು ಬಾವಿ ಕಟ್ಟಿ" ಅಂದ್ಲು. ಮಂದಿ ಕಿಸಕ್ ಅಂದ್ರು. ಒಂಟಿ ತೋರಿಸಿದ್ರ, "ಇದು ದನ ಕಟ್ಟೋ ಗೂಟ, ತುದಿ ಸೀಳೈತಿ" ಅಂದ್ಲು. ಮಂದಿ ಹೋ ಅಂದ್ರು. ಹನುಮೇಶಗ ಹೋದ ಜೀವ ಬಂದಂಗಾತು. ಅವ್ವ ಒಂದೊಂದು ತಪ್ಪು ಹೇಳಿದಂಗೂ ಕಪ್ಪು ಒಂದೊಂದು ಗೇಣು ಹತ್ತರ ಬರ್ತಿತ್ತು. ರಾಜನ್ನ ತೋರಿಸಿದ್ರ ಆಕಿ ಹುಬ್ಬು ಗಂಟು ಹಾಕಿ, "ಇದರ ತಲಿ ಮ್ಯಾಲಿಂದು ಏನೋ ಮುರದೈತಿ, ಪಾಪ" ಅಂದ್ಲು. ಕಾಡಸಿದ್ದಪ್ಪನವರಿಗೆ ನಕ್ಕು ನಕ್ಕು ಕೆಮ್ಮು ಹತ್ತಿತು. ಹನುಮೇಶ ಎಲ್ಲಾರಿಗಿಂತ ಜೋರು ನಕ್ಕ.

"ನೋಡಿದ್ರೆಲ್ಲೋ ಮೇಡಂ? ನಾ ಮೊದಲ ಹೇಳಿದ್ದೆ!" ಅಂತ ಕೈ ಚಾಚಿ ಕೂಗಿದ. "ನಮ್ಮವ್ವ ಶುದ್ಧ ದಡ್ಡಿ ಅದಾಳ್ರಿ! ಹೆಬ್ಬೆಟ್ಟು! ಆಕಿ ತಲಿಯಾಗ ಏನಂದ್ರ ಏನೂ ಇಲ್ಲ!"

ಮಾತು ಬಾಯಿ ಬಿಟ್ಟ ಮ್ಯಾಲೆನ ಅಂವಗ ಕೇಳಿಸಿದ್ದು. ಜಂಬಮ್ಮ ಕೈಯಾಗಿನ ರಾಜನ್ನ ಮೆಲ್ಲಗ ಕೆಳಗಿಟ್ಲು. ಇಷ್ಟೊತ್ತೂ ಮಂದಿ ನಗೋದು ತನ್ನ ಜೋಕಿಗೆ ಅಂತ ತಿಳಿದಿದ್ಲು ಆಕಿ. ಸುತ್ತ ಒಮ್ಮೆ ನೋಡಿದ್ಲು, ಮಗನ್ನ ನೋಡಿದ್ಲು.

"ಏನಂದಿ?"

ಹನುಮೇಶ ಆಕಿ ಇಟ್ಟ ರಾಜನ್ನ ಹಿಡದು ಅದರ ಮನಿಯಾಗ ಸರಿ ಮಾಡಿ ಇಟ್ಟ.

"ನಾನ ಹೇಳಿದ್ದು," ಅಂದ್ಲು ಜಂಬಮ್ಮ. ಮಂಟಪದ ಕಡೀ ಕುರ್ಚಿಗೂ ಕೇಳೋಹಂಗ ಅಂದ್ಲು. "ಹೌದು, ನಾನ! ಹೆತ್ತಾಕಿ ಹೇಳದ ಮತ್ಯಾರು ಹೇಳ್ತಾರ? ಇಂವಗ ಕಾಣತಿರಲಿಲ್ಲ, ನನಗ ಅಲ್ಲಿಂದನ ಕಂಡಿತು. ಒಂಟಿ ನೋಡು ಅಂದೆ, ನೋಡಿದ, ಗೆದ್ದ. ಏನೀಗ? ನಲವತ್ತು ಹೆಣ್ಣಾಳು ಆಡಸ್ತೀನಿ ನಾನು. ಇಷ್ಟು ಕಟಗಿ ತುಂಡು ಆಡಸಾಕ ಬರಂಗಿಲ್ಲೇನು ನನಗ?"

ವಿರೂಪಾಕ್ಷಿಗೆ ನಂಬಾಕ ಆಗಲಿಲ್ಲ, "ಬರಕೋರಿ ಮೇಡಂ, ಬರಕೋರಿ!" ಅಂತ ಕುಣಿದ. ಸಂಘಮಿತ್ರಾ ಅಂವಗ ಕೈಸನ್ನಿ ಮಾಡಿ ಕುಂದರಿಸಿ, ಹನುಮೇಶನ ಕಡೆ ತಿರುಗಿದ್ಲು.

"ನಿಮ್ಮ ತಾಯಿ ಸಿಟ್ಟಿಗೆ ಹಾಗಂದಿರಬಹುದು. ಅವರಿಗೆ ಆಟ ಬರೋಲ್ಲ ಅಂತ ನಾನೇ ನೋಡಿದೀನಿ. ನಿಮ್ಮ ಮಾತಿನ ಮೇಲೆ ಬಿಡ್ತೀನಿ. ಅವರು ಹೇಳಿದ್ದು ಸುಳ್ಳು ಅಂತೀರಾ?"

ಸುಳ್ಳು ಅಂದ್ರ ಮುಗೀತು. ಕಪ್ಪು ಅಂವಂದ. ಇಡೀ ಮಂಟಪ ಅಂವನ ಪರವಾಗಿ ಇತ್ತು, ಕಾಡಸಿದ್ದಪ್ಪನವರಂತೂ "ಹೂಂ ಅನ್ನೋ ಮಾರಾಯ" ಅಂತ ಕಣ್ಣು ಹೊಡೀತಿದ್ರು. ಇನ್ನೊಮ್ಮೆ, ಒಂದ ಸಲ, ಅವ್ವಗ ಏನೂ ತಿಳಿಯಂಗಿಲ್ಲ ಅಂದ್ರ ಸಾಕಿತ್ತು. ಹನುಮೇಶ ಆಕಿನ್ನ ನೋಡಿದ. ಬದುವಿನ ಮ್ಯಾಲೆ ನಿಂದ್ರೋಹಂಗ ಸೊಂಟಕ್ಕ ಕೈಯಿಟ್ಟು, ಗದ್ದ ಎತ್ತಿ ನಿಂತಿದ್ಲು. ಕೆಳಗಿನ ತುಟಿ ಮಾತ್ರ ನಡುಗತಿತ್ತು. ಅದನ್ನ ಅಂವ ಒಬ್ಬನ ಕಂಡಿದ್ದ. ತನ್ನ ಕೈ ಕುದುರಿ ಮ್ಯಾಲೆ ಹೋಗಿತ್ತು ಅನ್ನೋದೂ ಅಂವ ಒಬ್ಬಗ ಗೊತ್ತಿತ್ತು. ನಾಚಿಕಿ ಅಂದ್ರ ನಾಚಿಕಿ ಆತು ಅಂವಗ, ಕಣ್ಣಾಗ ನೀರು ಬರೋಷ್ಟು ನಾಚಿಕಿ.

"ಇಲ್ಲ ಮೇಡಂ, ಸುಳ್ಳಲ್ಲ," ಅಂದ. "ನಮ್ಮವ್ವನ ಹೇಳಿದ್ದು. ನಾನು ಕುದುರಿ ಹಾರಸಾಕ ಹೊಂಟಿದ್ದೆ. ಆಕಿ ಹೇಳದಿದ್ರ ನನಗ ಆ ಒಂಟಿ ಕಾಣತಿರಲಿಲ್ಲ."

ವಿರೂಪಾಕ್ಷಿ ಕುಣಿಯೋದು ನಿಲ್ಲಿಸಿದ. ಅಂವಗ ಬೇಕಾಗಿದ್ದು ಜಗಳ, ಸಿಕ್ಕಿದ್ದು ಒಪ್ಪಿಗಿ. ಬಗ್ಗಿ ಬೋರ್ಡು ನೋಡಿ, ತಾನು ಆನಿ ಬಿಟ್ಟ ಜಾಗ ನೋಡಿ, ಮತ್ತ ಜಂಬಮ್ಮನ್ನ ನೋಡಿದ. ಆ ನೋಟದಾಗ ಈಗ ಸ್ವಲ್ಪ ಅಂಜಿಕಿ ಇತ್ತು. ಸಂಘಮಿತ್ರಾ ನಿಟ್ಟುಸಿರು ಬಿಟ್ಟು, ಆಟ ವಿರೂಪಾಕ್ಷಿದು ಅಂತ ಹೇಳಿದ್ಲು. ಹೊರಗಿನವರ ಮಾತು ಕೇಳಿ ಆಡಿದ್ದಕ್ಕ ಹನುಮೇಶಗ ಎರಡನೇ ಬಹುಮಾನನೂ ಇಲ್ಲಂದ್ಲು. ಅದೊಂದು ಪುಣ್ಯ, ಗ್ವಾಡಿ ಖಾಲಿ ಇರಲಿಲ್ಲ. ಹೊಂಟು ನಿಂತಾಗ ಆಕಿ ಜಂಬಮ್ಮನ ಹತ್ತರ ಬಂದು ಬಗ್ಗಿ ಕಾಲು ಮುಟ್ಟಿದ್ಲು. ಯಾಕಂತ ಜಂಬಮ್ಮ ಕೇಳಲಿಲ್ಲ, ಬರಬೇಕಾದ ಮರ್ಯಾದಿ ಬಂತು ಅನ್ನೋಹಂಗ ತಲಿ ಮ್ಯಾಲೆ ಕೈಯಿಟ್ಲು.

ಗಾಂಧಿನಗರದ ರಸ್ತಿಯಾಗ ಬಿಸಿಲು ಇನ್ನಾ ಇಳಿದಿರಲಿಲ್ಲ. ಜಂಬಮ್ಮ ಮುಂದ, ಹನುಮೇಶ ಹಿಂದ. ಬಸ್ ಸ್ಟ್ಯಾಂಡ್ ಹಾದಿ ಅರ್ಧ ಆದ ಮ್ಯಾಲೆ ಹನುಮೇಶ ಬಾಯಿ ಬಿಟ್ಟ.

"ಯವ್ವಾ, ನಾ ಹಂಗ ಅನ್ನಬಾರದಿತ್ತು."

"ಏನಂದಿದ್ದಿ? ನನಗೇನೂ ಕೇಳಿಸಿಲ್ಲ."

ಕೇಳಿಸಿತ್ತು. ಒಂದು ಎಳನೀರು ಗಾಡಿ ದಾಟಿದ ಮ್ಯಾಲೆ ಆಕಿ ನಿಂತು ತಿರುಗಿದ್ಲು.

"ಅಲ್ಲಲೇ, ಆ ಕಪ್ಪನ್ನ ಕೋಟಿನವಗ ಯಾಕ ಕೊಟ್ರು? ಗೆದ್ದಿದ್ದು ನಾವಲ್ಲೇನು?"

ಆಟದ ಕಾನೂನು ಹೇಳಾಕ ಅಂವಗ ಮನಸ್ಸು ಬರಲಿಲ್ಲ. "ಗೆದ್ದಿದ್ದು ನೀನ ಯವ್ವಾ. ನಿನ್ನ ಹೆಸರು ಬರಸಿರಲಿಲ್ಲಲ್ಲ, ಅದಕ್ಕ ಕೊಡಾಕ ಬರಲಿಲ್ಲ ಅವರಿಗೆ."

ಜಂಬಮ್ಮ ಅದನ್ನ ಬಾಯಾಗಿನ ಅಡಿಕಿ ಜತಿಗೆ ಅಗಿದು ನೋಡಿದ್ಲು. ಸರಿ ಅನ್ನಿಸಿತು.

"ಅಷ್ಟೂ ತಿಳಿಯಂಗಿಲ್ಲೇನು ನಿನಗ? ಮುಂದಿನ ವರ್ಷ ನನ್ನ ಹೆಸರ ಬರಸು," ಅಂದು ಮುಂದ ನಡದ್ಲು. ನಾಲ್ಕು ಹೆಜ್ಜಿ ಹೋದ ಮ್ಯಾಲೆ, ತಿರುಗಿ ನೋಡದನ, ಸ್ವಲ್ಪ ಮೆತ್ತಗ ಅಂದ್ಲು: "ನೋಡಾಕ ಬೇಕಾದ್ರ ನೀನೂ ಬಾ."